ಆ ರಾಣಿಗೂ ಒಂದು ಹೆಸರಿತ್ತು

ದೊಡ್ಡಬಳ್ಳಾಪುರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಕಥೆ ಹೇಳುತ್ತಿದ್ದೆ. ಮನೆಗೆ ಅತಿಥಿಯಾಗಿ ಬಂದ ಮುದಿ ದೊರೆ ಡಂಕನ್‌ನನ್ನು ಕೊಲ್ಲುವಂತೆ ಗಂಡನನ್ನು ಚುಚ್ಚಿ ಚುಚ್ಚಿ ಎಬ್ಬಿಸುವ ಹೆಂಡತಿಯ ಕಥೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಅವಳ ಹೆಸರೇನು ಮಿಸ್?" "ಲೇಡಿ ಮ್ಯಾಕ್‌ಬೆತ್" ಎಂದೆ. "ಅದು ಗಂಡನ ಹೆಸರಲ್ವಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಕಿ ಓದಿದೆ. ಅವಳು ಸ್ಕಾಟ್ಲೆಂಡಿನ ನಿಜವಾದ ರಾಣಿ, ಹೆಸರು ಗ್ರುವೋಖ್. ಮೊದಲ ಗಂಡ 1032ರಲ್ಲಿ 50 ಮಂದಿಯ ಜೊತೆ ಬೆಂಕಿಗೆ ಆಹುತಿಯಾದ. ಆಮೇಲೆ ಮ್ಯಾಕ್‌ಬೆತ್‌ನ ಕೈಹಿಡಿದಳು. ಡಂಕನ್ ಮುದುಕನಾಗಿರಲಿಲ್ಲ, ಹಾಸಿಗೆಯಲ್ಲಿ ಸಾಯಲೂ ಇಲ್ಲ. 1040ರ ಯುದ್ಧದಲ್ಲಿ ಬಿದ್ದ. ಮ್ಯಾಕ್‌ಬೆತ್ 17 ವರ್ಷ ಆಳಿದ. ಗಂಡಹೆಂಡತಿ ಸೇರಿ ಲಾಕ್ ಲೆವೆನ್ ಎಂಬಲ್ಲಿನ ಸನ್ಯಾಸಿಗಳಿಗೆ ಭೂಮಿ ದಾನ ಕೊಟ್ಟ ದಾಖಲೆ ಇದೆ. ದಾನ ಕೊಟ್ಟ ಕೈಗೇ ನಾಟಕಕಾರ ರಕ್ತ ಬಳಿದ!

ಯಾಕೆ? 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸನೇ ಇಂಗ್ಲೆಂಡಿನ ಗದ್ದುಗೆಗೂ ಬಂದ. ತಾನು ಬ್ಯಾಂಕೋ ಎಂಬವನ ವಂಶದವನೆಂದು ಆತ ನಂಬಿದ್ದ. ಬ್ಯಾಂಕೋ ಇತಿಹಾಸಕಾರನೊಬ್ಬ ಕಟ್ಟಿದ ಕಥಾಪುರುಷ. ಹುಟ್ಟೇ ಇಲ್ಲದ ಗಂಡಸಿಗೆ ನಾಟಕದಲ್ಲಿ ಒಳ್ಳೆಯ ಹೆಸರು ಸಿಕ್ಕಿತು. ಬದುಕಿ ಬಾಳಿದ ಹೆಂಗಸಿಗೆ ಹೆಸರೂ ಇಲ್ಲ, ಮಾನವೂ ಇಲ್ಲ.

"ಅದು ನಾಟಕ, ಕವಿಗೆ ಸ್ವಾತಂತ್ರ್ಯವಿದೆ, ನೀವು ಟೀಚರುಗಳಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ಚಾಳಿ" ಎಂದು ನಮ್ಮ ಮನೆಯವರೇ ನಕ್ಕರು. ಸ್ವಾತಂತ್ರ್ಯ ಬೇಡವೆಂದು ಯಾರು ಹೇಳಿದರು? ನಮ್ಮ ಎಚ್. ಎಸ್. ಶಿವಪ್ರಕಾಶರು ಇದೇ ಕಥೆಯನ್ನು ಪಾಳೆಯಗಾರರ ಕಾಲಕ್ಕೆ ತಂದು 'ಮಾರನಾಯಕನ ದೃಷ್ಟಾಂತ' ಬರೆದರು. ನಿಜವಾದ ಯಾವ ರಾಣಿಯ ಮೇಲೂ ಕಳಂಕ ಹೊರಿಸದೆಯೂ ನಾಟಕ ನಾಟಕವಾಗಿಯೇ ನಿಂತಿತು. ಅದು ಬಿಟ್ಟು, 1501ರಲ್ಲಿ ದೇವನಹಳ್ಳಿ ಕೋಟೆ ಕಟ್ಟಿದ ಆವತಿಯ ಮಲ್ಲಬೈರೇಗೌಡರ ಮನೆಯ ಹೆಂಗಸನ್ನೇ ಕೊಲೆಗಾತಿ ಮಾಡಿ ಯಾರಾದರೂ ಬರೆದಿದ್ದರೆ? ನಮ್ಮ ಸೀಮೆಯವರು ಸುಮ್ಮನಿರುತ್ತಿದ್ದರೇ?

ಹೆಂಗಸರ ಹೆಸರು ಮರೆಯುವುದು ಪರದೇಶದ ರೋಗವೆಂದುಕೊಳ್ಳಬೇಡಿ. ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗ ನೋಡಲು ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಹೆತ್ತವಳ ಹೆಸರು ಫಕ್ರುನ್ನೀಸಾ ಎಂದು ನಾನಾದರೂ ಒಮ್ಮೆ ಹೇಳಿದ್ದೆನೇ? ಇಲ್ಲ. ತಪ್ಪು ನನ್ನದೂ ಹೌದು.

ರಾಜಮನೆತನದ ಕಥೆ ಬರೆಯುವವರಿಗೆ ನಾನು ಹೇಳುವುದಿಷ್ಟೇ: ಕಥೆ ನಿಮ್ಮದಾದರೆ ಪಾತ್ರದ ಹೆಸರೂ ನಿಮ್ಮದೇ ಇರಲಿ. ಇತಿಹಾಸದ ಹೆಣ್ಣನ್ನು ಕರೆತಂದರೆ ಅವಳ ನಿಜವನ್ನೂ ಜೊತೆಗೆ ತನ್ನಿ.

ಮರುದಿನ ಬೋರ್ಡಿನ ಮೇಲೆ ದೊಡ್ಡದಾಗಿ 'ಗ್ರುವೋಖ್' ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗಿ ಎಲ್ಲರಿಗಿಂತ ಮೊದಲು ಅದನ್ನು ನೋಟುಬುಕ್ಕಿಗೆ ಇಳಿಸಿಕೊಂಡಳು.