ಪರಿಹಾರಕ್ಕೆ ಮಿತಿ ಬೇಡ



ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳಲ್ಲಿ ಕೊಡುವ ಪರಿಹಾರಕ್ಕೆ ಮಿತಿ ಹಾಕಬೇಕೆಂದು ಭಾರತೀಯ ವೈದ್ಯಕೀಯ ಸಂಘ ಕೇಳುತ್ತಾ ಬಂದಿದೆ. ಕೇಳುವವರು ನಮ್ಮ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಪ್ರಕರಣವನ್ನು ಒಮ್ಮೆ ಓದಲಿ. 1990ರಲ್ಲಿ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಎದೆಯ ಗಡ್ಡೆಯ ಬಯಾಪ್ಸಿಗಷ್ಟೇ ಒಪ್ಪಿದ್ದರು; ವೈದ್ಯರು ಗಡ್ಡೆಯನ್ನೇ ತೆಗೆದರು. ನರಶಸ್ತ್ರಚಿಕಿತ್ಸಕರು ಜೊತೆಗಿರಲಿಲ್ಲ. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲೇ ಬಂದು ಸುಪ್ರೀಂ ಕೋರ್ಟಿನಲ್ಲಿ ತಮ್ಮ ವಾದ ತಾವೇ ಮಂಡಿಸಿದರು. ರಾಷ್ಟ್ರೀಯ ಗ್ರಾಹಕ ಆಯೋಗ 15.5 ಲಕ್ಷ ಕೊಟ್ಟಿತ್ತು. 2009ರಲ್ಲಿ ಕೋರ್ಟು ಅದನ್ನು 1 ಕೋಟಿಗೆ ಏರಿಸಿತು. ನರ್ಸು, ಫಿಸಿಯೋಥೆರಪಿ, ಡ್ರೈವರು, ಅದೂ ಜೀವನಪೂರ್ತಿ. ಯಾವ ಮಿತಿಯೊಳಗೆ ಹಿಡಿಸೀತು ಈ ಖರ್ಚು?

ವೈದ್ಯರ ಭಯ ಪೂರ್ತಿ ಸುಳ್ಳಲ್ಲ. ಕೇಸಿನ ಹೆದರಿಕೆಗೆ ಬೇಡದ ಸ್ಕ್ಯಾನ್ ಬರೆದರೆ ದುಡ್ಡು ತೆರುವವರೂ ನಾವೇ. ಆದರೆ ಕ್ರಿಮಿನಲ್ ಕೇಸುಗಳಿಗೆ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪೇ ಲಗಾಮು ಹಾಕಿದೆಯಲ್ಲ!

ನನ್ನ ತಕರಾರು ಬೇರೆ. ಸಂಬಳದಿಂದ ವಂತಿಗೆ ಕಟ್ಟುವ ಕಾರ್ಮಿಕ ಇಎಸ್‌ಐ ಆಸ್ಪತ್ರೆಯ ಗ್ರಾಹಕ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸನತ್‌ನಗರದ ನಮಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದೆಂಬ ನೆಮ್ಮದಿಯಿದೆ. ಆದರೆ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಹೋಗುವ ಕೂಲಿಯವನಿಗೆ ಅದೇ ಕೋರ್ಟಿನ 1995ರ ತೀರ್ಪಿನ ಪ್ರಕಾರ ಗ್ರಾಹಕ ಆಯೋಗದ ಬಾಗಿಲೇ ಇಲ್ಲ. ಸಿವಿಲ್ ಕೋರ್ಟಿಗೆ ಅಲೆಯಬೇಕು. ಕಾನೂನು ತಿದ್ದುವುದಾದರೆ ಮೊದಲು ಇದನ್ನು ತಿದ್ದಲಿ.

– ಇಎಸ್‌ಐ ಕಾರ್ಡುದಾರ, ಸನತ್‌ನಗರ, ಹೈದರಾಬಾದ್