ಮರಗೆಲಸವೂ ವಿದ್ಯಾವಂತರೂ

ಉದ್ಯೋಗಾರ್ಥಿಯಾಗಿ ಮುಂಬಯಿಗೆ ಬಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮನೆಮಾಡಿದ ಕನ್ನಡಿಗನು ಮೊದಲು ಕೊಂಡ ವಸ್ತು ಬಹುಶಃ ಉಕ್ಕಿನ ಕಪಾಟು. ಎರಡನೆಯದು ಮಡಚುವ ಕುರ್ಚಿ. ಮನೆಯ ಸಾಲ ಇಳಿಯುತ್ತ ಬಂದಂತೆ ಉಲ್ಲಾಸನಗರದ ಪೇಟೆಯಿಂದ ಸೋಫಾ, ದಿವಾನ, ಊಟದ ಮೇಜುಗಳು ಟೆಂಪೋ ಏರಿ ಬಂದವು, ಮನೆ ತುಂಬಿತು. ಆದರೆ ಅವುಗಳಲ್ಲಿ ಒಂದನ್ನಾದರೂ ಮನೆಯ ಯಜಮಾನನು ಸ್ವಹಸ್ತದಿಂದ ಮಾಡಿದ್ದುಂಟೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ನಗೆಯೇ ಉತ್ತರವಾದೀತು. ಅಜ್ಜನು ನೇಗಿಲಿನ ಮೇಳಿಯನ್ನು ತಾನೇ ಸರಿಪಡಿಸಿಕೊಳ್ಳುತ್ತಿದ್ದ. ಮೊಮ್ಮಗನಿಗೆ ಗೋಡೆಗೊಂದು ಮೊಳೆ ಹೊಡೆಯಲೂ ಆಳು ಬೇಕು. ಇದನ್ನು ಪ್ರಗತಿಯೆಂದು ಕರೆಯುವುದು ಕಷ್ಟ.

ಸೋಜಿಗವೆಂದರೆ, ಈತ ನೆಲೆಸಿರುವ ಸೀಮೆ ಮರಕ್ಕೆ ಪುರಾತನಕಾಲದಿಂದಲೂ ಹೆಸರಾದುದು. ಆರನೆಯ ಶತಮಾನದ ಗ್ರೀಕ್ ಲೇಖಕ ಕಾಸ್ಮಾಸನು ಕಲ್ಯಾಣದಿಂದ ಹಿತ್ತಾಳೆ, ಬಟ್ಟೆಗಳೊಡನೆ ಕರಿಮರದ ದಿಮ್ಮಿಗಳೂ ಹಡಗೇರುತ್ತಿದ್ದುವೆಂದು ಬರೆದಿಟ್ಟಿದ್ದಾನೆ. 1657ರಲ್ಲಿ ಕಲ್ಯಾಣ-ಭಿವಂಡಿಗಳನ್ನು ಕೈವಶ ಮಾಡಿಕೊಂಡ ಶಿವಾಜಿ ಮಹಾರಾಜರು ಹಡಗು ಕಟ್ಟುವ ಕಾರ್ಯಕ್ಕೆ ಇಲ್ಲಿಂದಲೇ ನಾಂದಿ ಹಾಡಿದರು. ಈ ಕಲ್ಯಾಣ ಬಸವಣ್ಣನವರ ಕಲ್ಯಾಣವಲ್ಲ, ನಿಜ. ಆದರೂ ಲೋಕಲ್ ಗಾಡಿಯಲ್ಲಿ ಆ ಹೆಸರು ಕೇಳಿದಾಗ ಕನ್ನಡಿಗನಿಗೆ ಇನ್ನೊಂದು ಕಲ್ಯಾಣದ ನೆನಪಾದರೆ ತಪ್ಪಲ್ಲ. ಅಲ್ಲಿನ ಶರಣರಲ್ಲಿ ಬಾಚಿಕಾಯಕದ ಬಸವಣ್ಣನೆಂಬ ಬಡಗಿಯೊಬ್ಬನಿದ್ದು, ತನ್ನ ಉಪಕರಣದ ಹೆಸರನ್ನೇ ಬಿರುದಿನಂತೆ ಧರಿಸಿದ್ದನು. ಬ್ಯಾರಿಸ್ಟರ್ ಗಾಂಧಿಯವರು 1910ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಚಪ್ಪಲಿ ಹೊಲಿಯುವುದರ ಜತೆಗೆ ಮರಗೆಲಸವನ್ನೂ ಆರಂಭಿಸಿದರು. ಇಷ್ಟು ದೊಡ್ಡ ಪರಂಪರೆ ಬೆನ್ನಿಗಿದ್ದೂ ಪದವೀಧರನ ಕೈಯಲ್ಲಿ ಗರಗಸ ಕಂಡರೆ ನೆರೆಯವರು ‘ಆಚಾರಿ ಸಿಗಲಿಲ್ಲವೇ?’ ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ಅನುಕಂಪಕ್ಕಿಂತ ಹೆಚ್ಚಾಗಿ ಜಾತಿಯ ವಾಸನೆಯಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೈ ಕೆಸರಾಗುವ ಕೆಲಸವೆಲ್ಲ ಕೀಳೆಂಬ ಭಾವನೆ ಊರಿನಿಂದ ಬಂದ ಸಾಮಾನುಗಳೊಡನೆ ಗಂಟುಕಟ್ಟಿಕೊಂಡು ಬಂದಿದೆ.

ಈ ಹವ್ಯಾಸದಿಂದ ಹಣ ಉಳಿಯುವುದೆಂಬ ಭ್ರಮೆಯನ್ನು ಮೊದಲು ನಿವಾರಿಸುವುದು ಒಳ್ಳೆಯದು. ಒಂದು ಪುಸ್ತಕದ ಕಪಾಟಿನ ಲೆಕ್ಕ ತೆಗೆದುಕೊಳ್ಳೋಣ. ನಾಲ್ಕು ಅಡಿಯ ಎರಡು ಪಕ್ಕದ ಹಲಗೆಗಳು, ಎರಡೂವರೆ ಅಡಿಯ ನಾಲ್ಕು ಅಡ್ಡ ಹಲಗೆಗಳು, ಎಲ್ಲವೂ 10 ಅಂಗುಲ ಅಗಲ, 1 ಅಂಗುಲ ದಪ್ಪ. ಒಟ್ಟು 18 ಅಡಿ ಉದ್ದ. ಅಂದರೆ ಒಂದೂಕಾಲು ಘನ ಅಡಿ ಮರ. ಕೊಯ್ತ, ಗಂಟು, ಬಿರುಕುಗಳಿಗೆಂದು ಒಂದೂವರೆ ಹಿಡಿಯಬೇಕು. ಮರ ಹೆಚ್ಚಿಲ್ಲ. ಆದರೆ ಗರಗಸ, ಉಜ್ಜುಗೊರಡು, ಮೂರು ಉಳಿಗಳು, ಮೂಲೆಮಟ್ಟ, ಸಾಣೆಕಲ್ಲು, ಬಿಗಿಹಿಡಿಕೆಗಳು ಇವು ಬಂಡವಾಳದ ಖರ್ಚು. ಅದನ್ನು ಸವಕಳಿಯೆಂದು ಹತ್ತು ವರ್ಷಗಳಿಗೆ ಹಂಚಿದರೂ ಮೊದಲ ಕಪಾಟು ಅಂಗಡಿಯದಕ್ಕಿಂತ ದುಬಾರಿಯೇ ಆಗುತ್ತದೆ. ಆರು ಭಾನುವಾರಗಳ ದುಡಿಮೆಗೆ ಕೂಲಿ ಬರೆದರಂತೂ ನಷ್ಟ ಖಚಿತ. ಹಣ ಉಳಿಸಲೆಂದು ಇದಕ್ಕೆ ಕೈಹಾಕುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ.

ಲಾಭ ಬೇರೊಂದು ಖಾತೆಯಲ್ಲಿ ಜಮೆಯಾಗುತ್ತದೆ. ಒಂದು ಸಾಗುವಾನಿ ಹಲಗೆಯನ್ನು ಉಜ್ಜಿ ಸಮಮಾಡಿದವನು ಮತ್ತೆಂದೂ ಬಡಗಿಯ ಕೂಲಿಗೆ ಚೌಕಾಸಿ ಮಾಡಲಾರ. ಹವ್ಯಾಸಿಗಳಿಂದ ಕಸಬುದಾರರ ಅನ್ನ ಹೋಗುತ್ತದೆಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ವರ್ಷಕ್ಕೊಂದು ಸ್ಟೂಲು ಮಾಡುವವನಿಂದ ಯಾರ ಅನ್ನವೂ ಹೋಗದು. ಮೇಲಾಗಿ, ಅಂಗಡಿಯಲ್ಲಿ ‘ಶುದ್ಧ ಸಾಗುವಾನಿ’ ಎಂಬ ಮಾತಿಗೆ ತಲೆದೂಗುವ ಮೊದಲು ಆತ ಹಲಗೆಯ ಅಂಚನ್ನು ನೋಡಲು ಕಲಿಯುತ್ತಾನೆ: ಗಟ್ಟಿಮರದ ಎಳೆ ಮೇಲಿನಿಂದ ಅಂಚಿಗೆ ಮುಂದುವರಿಯುತ್ತದೆ, ಪ್ಲೈವುಡ್ಡಿನ ಅಂಚಿನಲ್ಲಿ ಪದರಗಳು, ಪಾರ್ಟಿಕಲ್ ಬೋರ್ಡಿನಲ್ಲಿ ಒತ್ತಿದ ಚೂರುಗಳು. ಈ ಚೂರಿನ ಹಲಗೆಯ ದೌರ್ಬಲ್ಯವನ್ನು ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣಗಳ ತಗ್ಗುಪ್ರದೇಶಗಳು ಮುಳುಗಿದವು. ಅಂಥ ನೆರೆಯಲ್ಲಿ ನೆಂದ ಗಟ್ಟಿಮರವನ್ನು ನೆರಳಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಚೂರಿನ ಹಲಗೆ ಉಬ್ಬಿದರೆ ಮತ್ತೆ ಇಳಿಯದು. 2020ರ ಡಿಸೆಂಬರಿನಲ್ಲಿ ತುರ್ಭೆಯಲ್ಲಿ ಐಕಿಯಾ ಮಳಿಗೆ ತೆರೆದಂದಿನಿಂದ ಬಿಡಿಭಾಗಗಳನ್ನು ತಂದು ಸ್ಕ್ರೂ ತಿರುಗಿಸಿ ಜೋಡಿಸುವುದೇ ಮರಗೆಲಸವೆಂದು ಯುವಕರು ತಿಳಿದಂತಿದೆ. ತಪ್ಪೇನಿಲ್ಲ, ಆದರೆ ಸಿದ್ಧ ಹಿಟ್ಟಿನಿಂದ ದೋಸೆ ಹೊಯ್ದವರು ಅಕ್ಕಿ ನೆನೆಹಾಕಿದವರಾಗುವುದಿಲ್ಲ.

ಹೊಸಬನು ಯಾವುದರಿಂದ ಆರಂಭಿಸಬೇಕು? ಮಂಚದಿಂದಲ್ಲ, ಕುರ್ಚಿಯಿಂದ ಖಂಡಿತ ಅಲ್ಲ, ಮಣೆಯಿಂದ. ಹದಿನೆಂಟು ಅಂಗುಲ ಉದ್ದ, ಹನ್ನೆರಡು ಅಂಗುಲ ಅಗಲದ ಹಲಗೆ, ಅಡಿಯಲ್ಲಿ ಎರಡು ಅಡ್ಡಪಟ್ಟಿಗಳು. ನೋಡಲು ಅಷ್ಟೇ. ಆದರೆ ಮರದ ಸ್ವಭಾವವೆಲ್ಲ ಅದರಲ್ಲಿ ಅಡಗಿದೆ. ಮಳೆಗಾಲದ ತೇವಕ್ಕೆ ಮರ ಉದ್ದದಲ್ಲಿ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಗೆ ಅಡ್ಡವಾಗಿ ಕೂರಿಸಿದ ಪಟ್ಟಿಗಳು ಹಲಗೆ ಸೊಟ್ಟಗಾಗದಂತೆ ಹಿಡಿಯುತ್ತವೆ. ಆದರೆ ಅವನ್ನು ಉದ್ದಕ್ಕೂ ಅಂಟಿನಿಂದ ಬಿಗಿದರೆ ಹಿಗ್ಗಲು ಎಡೆಯಿಲ್ಲದೆ ಹಲಗೆಯೇ ಸೀಳುತ್ತದೆ. ಆದುದರಿಂದ ನಡುವಣ ಸ್ಕ್ರೂ ಮಾತ್ರ ಬಿಗಿಯಾಗಿರಬೇಕು. ತುದಿಯವುಗಳಿಗೆ ಪಟ್ಟಿಯಲ್ಲಿ ಉದ್ದನೆಯ ರಂಧ್ರ ಕೊರೆದು ಜಾರಲು ಅವಕಾಶ ಕೊಡಬೇಕು. ಜುಲೈ ತಿಂಗಳಿನಲ್ಲಿ ತೆರೆಯಲೊಲ್ಲದ ಮೇಜಿನ ಖಾನೆಗೂ ಇದೇ ಕಾರಣ. ಮಣೆಯ ಅನಂತರ ಸ್ಟೂಲು. ಅಲ್ಲಿ ಒಂದು ಮರದ ತುದಿಯನ್ನು ನಾಲಗೆಯಂತೆ ತೆಳುಗೊಳಿಸಿ ಇನ್ನೊಂದರ ರಂಧ್ರದಲ್ಲಿ ಕೂರಿಸುವ ಸಂದನ್ನು ಕಲಿಯುವುದು. ಊರಿನ ಚೆನ್ನೆಮಣೆಯ ಹದಿನಾಲ್ಕು ಗುಳಿಗಳನ್ನು ಕೆತ್ತುವ ಆಸೆಯಿದ್ದರೆ ಅದು ಮೂರನೆಯ ವರ್ಷಕ್ಕಿರಲಿ.

ಕಲಿಕೆಗೆ ಸಾಗುವಾನಿಯನ್ನು ಹಾಳುಮಾಡುವುದು ಸಲ್ಲದು. ವಿದೇಶದಿಂದ ಯಂತ್ರಗಳನ್ನು ಹೊತ್ತುತರುವ ಪೈನ್ ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳು ನವಿ ಮುಂಬಯಿಯ ಕೈಗಾರಿಕಾ ವಲಯಗಳ ಗುಜರಿಗಳಲ್ಲಿ ದೊರೆಯುತ್ತವೆ. ಅವುಗಳ ಮೇಲಿನ ಮುದ್ರೆಯನ್ನು ಓದಬೇಕು: ‘ಎಚ್.ಟಿ.’ ಎಂದಿದ್ದರೆ ಕೀಟನಾಶಕ್ಕಾಗಿ ಕೇವಲ ಶಾಖ ಕೊಟ್ಟದ್ದು; ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಮನೆಗೆ ತರಬಾರದು. ನಕ್ಷೆಗಳಿಗೂ ಕೊರತೆಯಿಲ್ಲ. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ ಹಲಗೆ ಮತ್ತು ಮೊಳೆಗಳಿಂದಲೇ ಮಾಡಬಹುದಾದ ಮೇಜು, ಮಂಚ, ಕುರ್ಚಿಗಳ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟರು. ಕಾರ್ಖಾನೆಗಳಿಗೂ ವ್ಯಾಪಾರಿಗಳಿಗೂ ಮಾತ್ರ ನಿಷೇಧವಿತ್ತು.

ಆರೋಗ್ಯದ ಮಾತು ಬಂದಾಗ ಉತ್ಸಾಹಕ್ಕೆ ಕಡಿವಾಣ ಬೇಕು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಮರದ ಧೂಳನ್ನು 1995ರಲ್ಲಿಯೂ, ಪ್ಲೈವುಡ್ ಮೊದಲಾದುವುಗಳ ಅಂಟಿನಿಂದ ಹೊರಸೂಸುವ ಫಾರ್ಮಾಲ್ಡಿಹೈಡನ್ನು 2004ರಲ್ಲಿಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ವರ್ಷಗಟ್ಟಲೆ ಧೂಳಿನಲ್ಲೇ ದುಡಿಯುವ ಕೆಲಸಗಾರನ ಅಪಾಯ ಭಾನುವಾರದ ಹವ್ಯಾಸಿಗಿಲ್ಲ, ನಿಜ. ಆದರೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ಧೂಳು ಉಬ್ಬಸದ ಮಗುವಿನ ಹಾಸಿಗೆಯ ಮೇಲೂ ಕೂರುತ್ತದೆ. ಆದುದರಿಂದ ಮುಖಕ್ಕೆ ತಕ್ಕ ಮುಸುಕು, ಪೊರಕೆಗೆ ಬದಲು ಒದ್ದೆಬಟ್ಟೆ, ವಿದ್ಯುತ್ ಗರಗಸ ಹಿಡಿದರೆ ಕಿವಿಗೂ ಕಣ್ಣಿಗೂ ರಕ್ಷಣೆ. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಗಳಿಗೊಮ್ಮೆ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಮೊಂಡು ಉಳಿ ಜಾರುತ್ತದೆ, ಹರಿತವಾದುದು ಮಾತು ಕೇಳುತ್ತದೆ. ಸಾಣೆಗೆ ಸೋಮಾರಿತನ ಮಾಡುವವನೇ ಬೆರಳಿಗೆ ಪಟ್ಟಿ ಕಟ್ಟಿಕೊಳ್ಳುವುದು. ಯಂತ್ರಗಳನ್ನು ಕೂಡಿಹಾಕುವುದೇ ಹವ್ಯಾಸವಾಗಿಬಿಡುವ ಅಪಾಯವೂ ಚಿಕ್ಕದಲ್ಲ.

ಇನ್ನು ನಿವೃತ್ತರ ವಿಚಾರ. ಮೂವತ್ತೈದು ವರ್ಷ ಬೆಳಗಿನ ಲೋಕಲ್ ಹಿಡಿದು ಕಾಗದಪತ್ರಗಳ ನಡುವೆ ಆಯುಸ್ಸು ಸವೆಸಿದವನಿಗೆ ಅರವತ್ತರ ಮರುದಿನ ಹೋಗಲು ಸ್ಥಳವಿಲ್ಲ, ಕೈಗೆ ಕೆಲಸವಿಲ್ಲ. ವೃತ್ತಪತ್ರಿಕೆಯನ್ನು ಎರಡು ಬಾರಿ ಓದುತ್ತಾನೆ, ಸೊಸೆಯ ಅಡುಗೆಯಲ್ಲಿ ದೋಷ ಕಾಣುತ್ತಾನೆ, ಮೌನಿಯಾಗುತ್ತಾನೆ. ಈ ಮೌನವೂ ರೋಗವೇ. ಆಸ್ಟ್ರೇಲಿಯದಲ್ಲಿ ಇದನ್ನರಿತು 1990ರ ದಶಕದಲ್ಲಿ ‘ಮೆನ್ಸ್ ಶೆಡ್’ ಎಂಬ ಸಾಮುದಾಯಿಕ ಕಮ್ಮಟಗಳು ಹುಟ್ಟಿಕೊಂಡವು. ಅಲ್ಲಿ ವೃದ್ಧರು ಕೂಡಿ ಆಟಿಕೆ, ಬೆಂಚು ಮಾಡುತ್ತ ಮಾತಿಗೂ ತೊಡಗುತ್ತಾರೆ. 2007ರಲ್ಲಿ ಅವಕ್ಕೊಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 2010ರಲ್ಲಿ ಅಲ್ಲಿನ ಸರಕಾರ ಪುರುಷರ ಆರೋಗ್ಯ ನೀತಿಯಲ್ಲಿಯೇ ಅವುಗಳಿಗೆ ಸ್ಥಾನ ಕೊಟ್ಟಿತು.

ಉಪನಗರಗಳ ಕನ್ನಡ ಸಂಘಗಳಿಗೆ ಇದು ಅಸಾಧ್ಯವೇ? ಸ್ವಂತ ಕಟ್ಟಡವುಳ್ಳ ಸಂಘಗಳಲ್ಲಿ ನಾಟಕದ ಪರದೆ, ಮುರಿದ ಕುರ್ಚಿಗಳನ್ನು ತುಂಬಿಟ್ಟ ಕೋಣೆಯೊಂದು ಇದ್ದೇ ಇರುತ್ತದೆ. ಅದನ್ನು ತೆರವುಗೊಳಿಸಿ, ನೇರವಾಗಿ ನಿಂತಾಗ ಮಣಿಕಟ್ಟಿನ ಎತ್ತರಕ್ಕೆ ಬರುವ ಭದ್ರವಾದ ಕೆಲಸದ ಮೇಜೊಂದನ್ನು ನಿಲ್ಲಿಸಬೇಕು. ಉಪಕರಣಗಳು ಸಂಘದವಾದರೆ ಪ್ರತಿಯೊಬ್ಬನೂ ಬಂಡವಾಳ ಹೂಡಬೇಕಾಗಿಲ್ಲ. ಫ್ಲ್ಯಾಟಿನ ಸದ್ದು, ಧೂಳು, ಸೊಸೈಟಿಯ ತಕರಾರುಗಳೂ ಇಲ್ಲ. ಕಲಿಸಲು ಅನುಭವಸ್ಥ ಬಡಗಿಯೊಬ್ಬನನ್ನು ಗೌರವಧನಕ್ಕಲ್ಲ, ತಕ್ಕ ಸಂಬಳಕ್ಕೆ ಕರೆಯಬೇಕು, ಮತ್ತು ‘ಗುರುಗಳೇ’ ಎಂದು ಕರೆಯಬೇಕು. ಗಂಡಸರಿಗೆ ಮಾತ್ರವೆಂಬ ಕಟ್ಟಳೆ ಇಲ್ಲಿ ಬೇಡ. ಮೊದಲ ಕೆಲಸಕ್ಕೆ ಆ ಮುರಿದ ಕುರ್ಚಿಗಳೇ ಇವೆ. ಆರಂಭಕ್ಕೆ ದೀಪಾವಳಿಯ ಅನಂತರದ ತಿಂಗಳುಗಳು ಯೋಗ್ಯ, ಮರವೂ ಗಾಳಿಯೂ ಆಗ ಒಣಗಿರುತ್ತವೆ. ಜೂನ್ ಬಂದಾಗ ಉಳಿಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ಈ ಕರಾವಳಿಯ ಗಾಳಿ ಉಕ್ಕನ್ನು ಒಂದೇ ವಾರದಲ್ಲಿ ತುಕ್ಕು ಹಿಡಿಸಬಲ್ಲುದು.