ಮಾದಪ್ಪನ ಹತ್ರ ಹೆಣ್ಣು ಕೇಳೋಕೆ ಮುಂಚೆ ಸಂಕಮ್ಮನ ಕತೆ ಕೇಳೋಣ

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರ ಗುಂಪೊಂದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೊರಟಿತು. ಹೆಣ್ಣು ಸಿಗಲಿ ಅನ್ನೋದೇ ಹರಕೆ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಮೊಬೈಲುಗಳಲ್ಲಿ ತಮಾಷೆಯ ಸುದ್ದಿಯಾಗಿ ಓಡಾಡಿತು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಮಂಡ್ಯ, ಮಳವಳ್ಳಿ ಕಡೆ ಮೂವತ್ತು ದಾಟಿಯೂ ಮದುವೆಯಾಗದವನು ಪೂರ್ತಿ ಗಂಡಸಲ್ಲ. ಪೂಜೆಗೆ ಕೂರೋಕೆ ದಂಪತಿ ಬೇಕು, ಧಾರೆ ಎರೆಯೋಕೆ ದಂಪತಿ ಬೇಕು. ಮದುವೆಯಾದ ಮೇಲೆ ಗಂಡುಮಗು ಬೇಕು, ಕೊಳ್ಳಿ ಇಡೋಕೆ, ಪಿಂಡ ಬಿಡೋಕೆ. ಗಂಡಸುತನ ಅನ್ನೋದು ಇಲ್ಲಿ ಸ್ವಭಾವವಲ್ಲ, ಧರ್ಮ ಮತ್ತು ಮನೆತನ ಸೇರಿ ಕೊಟ್ಟ ಹುದ್ದೆ.

ಆ ಹುದ್ದೆಗೆ ತೆತ್ತ ಬೆಲೆ ಏನು? ಇಂಜಿನಿಯರಿಂಗ್ ಓದಿದವನಿಗೆ ಲೆಕ್ಕವೇ ಮೊದಲು ಕಣ್ಣಿಗೆ ಬೀಳುತ್ತೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948. ಮಂಡ್ಯದ ಸಂಖ್ಯೆ ಅದಕ್ಕಿಂತಲೂ ಕಡಿಮೆ. ಪಾದಯಾತ್ರೆ ನಡೆದ ವರ್ಷದ ನವೆಂಬರಿನಲ್ಲೇ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಬೆಲ್ಲ ಬೇಯಿಸೋ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್! ಗಂಡುಮಗುವೇ ಬೇಕು ಅಂದ ಸಮಾಜವೇ ಆ ಗಂಡುಮಗನಿಗೆ ಹೆಣ್ಣಿಲ್ಲ ಅಂತ ಈಗ ಕೊರಗುತ್ತಿದೆ.

ಲೆಕ್ಕ ಅಷ್ಟಕ್ಕೇ ಮುಗಿಯಲ್ಲ. ಇರೋ ಹೆಣ್ಣುಮಕ್ಕಳೂ ಓದಿ, ಕೆಲಸ ಹಿಡಿದು, ತುಂಡು ಜಮೀನು, ಹಸು, ಅತ್ತೆಮನೆಯ ಚಾಕರಿ ಬೇಡ ಅಂತಿದ್ದಾರೆ. ಇದನ್ನ ‘ಹುಡುಗೀರ ಡಿಮ್ಯಾಂಡ್’ ಅಂತ ಬೈಯೋದು ಸುಲಭ. ಆದರೆ ಹುಡುಗರು ಕೇಳುತ್ತಿರೋದೂ ಡಿಮ್ಯಾಂಡೇ ಅಲ್ವಾ?

ಇದು ನಮ್ಮೊಬ್ಬರ ಕತೆಯಲ್ಲ. ಪಿತೃಪೂಜೆಗೆ ಮಗನೇ ಬೇಕು ಅನ್ನೋ ಕನ್‌ಫ್ಯೂಶಿಯನ್ ಸಂಪ್ರದಾಯದ ದಕ್ಷಿಣ ಕೊರಿಯಾದಲ್ಲಿ 1990ರ ಹೊತ್ತಿಗೆ 100 ಹೆಣ್ಣುಶಿಶುಗಳಿಗೆ ಸುಮಾರು 116 ಗಂಡುಶಿಶುಗಳು ಹುಟ್ಟುತ್ತಿದ್ದವು. ಅಲ್ಲಿನ ಹಳ್ಳಿ ಗಂಡಸರು ವಿಯೆಟ್ನಾಂನಿಂದ ಹೆಣ್ಣು ತರುವಂತಾಯಿತು. ಹೆಣ್ಣುಮಕ್ಕಳು ಓದಿದರು, ದುಡಿದರು. ಗಂಡಸೇ ಮನೆಯ ಯಜಮಾನ ಅನ್ನೋ ಕಾನೂನು 2008ರಲ್ಲಿ ಹೋಯಿತು. ಜನನದ ಅನುಪಾತ ಸಹಜ ಮಟ್ಟಕ್ಕೆ ಬಂತು. ಸಂಪ್ರದಾಯ ಕಲ್ಲಲ್ಲ, ಬದಲಾಗುತ್ತೆ.

ನಮಗೆ ಅಷ್ಟು ದೂರ ಹೋಗೋದೂ ಬೇಡ. ಆ ಯುವಕರು ಕೈಮುಗಿದ ಮಾದಪ್ಪ ಸ್ವತಃ ಹೆಂಡತಿ, ಮಕ್ಕಳಿಲ್ಲದ ಜೋಗಿ. ಕಂಸಾಳೆಯವರು ಹಾಡೋ ಅವನ ಕಾವ್ಯದಲ್ಲಿ ಸಂಕಮ್ಮ ಬರುತ್ತಾಳೆ. ಜೇನು ಕೀಳಲು ಕಾಡಿಗೆ ಹೊರಟ ಗಂಡ, ತಾನಿಲ್ಲದಾಗ ಶೀಲ ಕಾಯುವೆನೆಂದು ಬಲಗೈ ಭಾಷೆ ಕೊಡು ಅಂತಾನೆ. ಅವಳು ಒಪ್ಪಲ್ಲ, ಹಿಂಸೆ ತಿಂತಾಳೆ. ಮಾದಪ್ಪ ನಿಲ್ಲೋದು ಯಾರ ಕಡೆ? ಸಂಕಮ್ಮನ ಕಡೆ.

ಅಂದರೆ ಗಂಡಸುತನಕ್ಕೆ ಬೇರೆ ಅರ್ಥ ನಮ್ಮ ದೈವದ ಕತೆಯಲ್ಲೇ ಇದೆ. ಹರಕೆ ಹೊರುವುದು ತಪ್ಪಲ್ಲ. ಆದರೆ ಮಾದಪ್ಪನಿಗೆ ಹೆಣ್ಣು ಕೊಡು ಅನ್ನೋ ಮೊದಲು, ಆ ಹೆಣ್ಣು ಬಂದರೆ ಭಾಷೆ ಕೇಳಲ್ಲ, ಅಡುಗೆಮನೆ ಹಂಚಿಕೊಳ್ತೀನಿ, ಹೆಣ್ಣುಮಗು ಹುಟ್ಟಿದರೆ ಊರಿಗೆಲ್ಲ ಸಿಹಿ ಹಂಚ್ತೀನಿ ಅಂತ ನಾವೇ ಮಾದಪ್ಪನಿಗೆ ಭಾಷೆ ಕೊಡಬೇಕು.